ಹೆಸರು ಒಂದೇ, ಮೋಟಾರು ಬೇರೆ: ಎಲೆಕ್ಟ್ರಿಕ್ ಕಾರು ಬುಕ್ ಮಾಡುವ ಮುನ್ನ ಈ ಲೆಕ್ಕ ಗೊತ್ತಿರಲಿ

ಎಲೆಕ್ಟ್ರಿಕ್ ಕಾರು ನೋಡಲು ಶೋರೂಮ್‌ಗೆ ಹೋದವರು ಸಾಮಾನ್ಯವಾಗಿ ಕೇಳೋದು ಎರಡೇ ಪ್ರಶ್ನೆ: ‘ಒಂದು ಚಾರ್ಜ್‌ಗೆ ಎಷ್ಟು ಕಿ.ಮೀ. ಬರುತ್ತೆ?’, ‘ಆನ್‌ರೋಡ್ ಎಷ್ಟಾಗುತ್ತೆ?’. ಮೋಟಾರು ಎಷ್ಟು ಕಿಲೋವ್ಯಾಟ್‌ನದ್ದು ಅಂತ ಕೇಳುವವರು ಕಡಿಮೆ. ಆದರೆ ಒಂದೇ ಹೆಸರಿನ, ಹೊರಗಿನಿಂದ ಒಂದೇ ಥರ ಕಾಣುವ ಕಾರಿನಲ್ಲೂ ವೇರಿಯೆಂಟ್ ಬದಲಾದರೆ ಮೋಟಾರಿನ ಶಕ್ತಿ ಬದಲಾಗಬಹುದು. ಹೆಚ್ಚಿಗೆ ಕೊಟ್ಟ ದುಡ್ಡು ಬ್ಯಾಟರಿಗೆ ಹೋಯ್ತೋ, ಮೋಟಾರಿಗೆ ಹೋಯ್ತೋ, ಬರೀ ಸನ್‌ರೂಫ್‌ಗೆ ಹೋಯ್ತೋ ಎಂಬುದು ಗೊತ್ತಿರಬೇಕು.

ವ್ಯತ್ಯಾಸ ಎಷ್ಟು?

2022ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಟಾಟಾ ಟಿಯಾಗೊ ಇವಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ‘ಎಕ್ಸ್‌ಟಿ’ ಎಂಬ ಒಂದೇ ವೇರಿಯೆಂಟ್ ಎರಡು ಬ್ಯಾಟರಿಯಲ್ಲಿ ಬಂತು.

• 19.2 ಯೂನಿಟ್ ಬ್ಯಾಟರಿ: 45 ಕಿಲೋವ್ಯಾಟ್ (61 ಪಿಎಸ್), 110 ನ್ಯೂಟನ್ ಮೀಟರ್ ಟಾರ್ಕ್
• 24 ಯೂನಿಟ್ ಬ್ಯಾಟರಿ: 55 ಕಿಲೋವ್ಯಾಟ್ (75 ಪಿಎಸ್), 114 ನ್ಯೂಟನ್ ಮೀಟರ್ ಟಾರ್ಕ್

2024ರ ಜನವರಿಯಲ್ಲಿ ಬಂದ ಪಂಚ್ ಇವಿಯಲ್ಲಿ ಅಂತರ ಇನ್ನೂ ದೊಡ್ಡದು.

• 25 ಯೂನಿಟ್ ಬ್ಯಾಟರಿ: 60 ಕಿಲೋವ್ಯಾಟ್ (82 ಪಿಎಸ್), 114 ನ್ಯೂಟನ್ ಮೀಟರ್
• 35 ಯೂನಿಟ್ ಬ್ಯಾಟರಿ: 90 ಕಿಲೋವ್ಯಾಟ್ (122 ಪಿಎಸ್), 190 ನ್ಯೂಟನ್ ಮೀಟರ್

ಕಂಪನಿ ಹೇಳುವಂತೆ 0ಯಿಂದ 100 ಕಿ.ಮೀ. ವೇಗಕ್ಕೆ ಚಿಕ್ಕದಕ್ಕೆ 13.5 ಸೆಕೆಂಡ್ ಬೇಕು, ದೊಡ್ಡದಕ್ಕೆ 9.5 ಸೆಕೆಂಡ್ ಸಾಕು.

ಎಲ್ಲ ಕಂಪನಿಯವರೂ ಹೀಗೇ ಮಾಡುವುದಿಲ್ಲ. 2023ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ 400 ಕಾರಿನಲ್ಲಿ 34.5 ಯೂನಿಟ್ ಬ್ಯಾಟರಿಯ ‘ಇಸಿ’ಗೂ 39.4 ಯೂನಿಟ್‌ನ ‘ಇಎಲ್’ಗೂ ಮೋಟಾರಿನ ಶಕ್ತಿ ಒಂದೇ: 150 ಪಿಎಸ್, 310 ನ್ಯೂಟನ್ ಮೀಟರ್. ಎಂಜಿ ವಿಂಡ್ಸರ್‌ನ 38 ಮತ್ತು 52.9 ಯೂನಿಟ್ ಮಾದರಿಗಳಲ್ಲೂ ಅಷ್ಟೇ, ಎರಡಕ್ಕೂ 136 ಪಿಎಸ್. ಇಂಥ ಕಡೆ ಹೆಚ್ಚಿನ ದುಡ್ಡಿಗೆ ಸಿಗೋದು ದೂರ, ಜೋರಲ್ಲ.

ಕಾರಣ ಬ್ಯಾಟರಿಯಲ್ಲಿದೆ

ಮೋಟಾರು ತಿರುಗಬೇಕಾದರೆ ಬ್ಯಾಟರಿ ಕರೆಂಟ್ ಕೊಡಬೇಕು. ಒಂದೊಂದು ಸೆಲ್‌ನಿಂದ ಎಷ್ಟು ಕರೆಂಟ್ ಎಳೆಯಬಹುದು ಎಂಬುದಕ್ಕೆ ಮಿತಿ ಇದೆ. ಅದಕ್ಕಿಂತ ಹೆಚ್ಚು ಎಳೆದರೆ ಸೆಲ್ ಬಿಸಿಯಾಗಿ ಬಾಳಿಕೆ ಕಡಿಮೆಯಾಗುತ್ತದೆ. ಚಿಕ್ಕ ಬ್ಯಾಟರಿಯಿಂದ ಸಿಗುವ ಒಟ್ಟು ಶಕ್ತಿ ಕಡಿಮೆ ಇರೋದರಿಂದ ಕಂಟ್ರೋಲರ್ ಮೋಟಾರಿಗೂ ಮಿತಿ ಹಾಕುತ್ತದೆ. ತೋಟದ ಪಂಪ್‌ಸೆಟ್ ಎಷ್ಟೇ ದೊಡ್ಡದಿದ್ದರೂ ಲೈನ್‌ನಲ್ಲಿ ವೋಲ್ಟೇಜ್ ಇಲ್ಲದಿದ್ದರೆ ನೀರು ಎತ್ತದು, ಇದೂ ಹಾಗೆಯೇ. ಹೀಗಾಗಿ ‘ಸಾಫ್ಟ್‌ವೇರ್ ಬದಲಿಸಿ ಪವರ್ ಜಾಸ್ತಿ ಮಾಡಿಕೊಡ್ತೀವಿ’ ಎನ್ನುವವರ ಮಾತು ಕೇಳಿದರೆ ಬ್ಯಾಟರಿಗೂ ಅಪಾಯ, ವಾರಂಟಿಗೂ ಕುತ್ತು.

ಘಾಟ್ ಹತ್ತಲು ಯಾವುದು ಬೇಕು?

‘ಚಿಕ್ಕ ಮೋಟಾರು ಘಾಟ್ ಹತ್ತಲ್ಲ’ ಎಂಬ ಮಾತಿದೆ. ಇದು ಪೂರ್ತಿ ಸರಿಯಲ್ಲ. ಎಲೆಕ್ಟ್ರಿಕ್ ಮೋಟಾರಿನ ಟಾರ್ಕ್ ನಿಂತಲ್ಲಿಂದಲೇ ಪೂರ್ತಿ ಸಿಗುತ್ತದೆ. ಜನ, ಲಗೇಜು ಸೇರಿ 1,600 ಕೆ.ಜಿ. ತೂಗುವ ಕಾರು 100 ಮೀಟರ್‌ಗೆ 7 ಮೀಟರ್ ಏರುವ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹೋಗಲು ಬೇಕಾಗುವುದು ಸುಮಾರು 15 ಕಿಲೋವ್ಯಾಟ್ ಮಾತ್ರ. ಶಿರಾಡಿ, ಚಾರ್ಮಾಡಿಯಂಥ ಘಾಟ್‌ಗಳನ್ನು ನಿಧಾನವಾಗಿ ಹತ್ತಲು 45 ಕಿಲೋವ್ಯಾಟ್ ಮೋಟಾರಿಗೂ ಕಷ್ಟವಿಲ್ಲ.

ಕಷ್ಟ ಬರೋದು ಓವರ್‌ಟೇಕ್‌ನಲ್ಲಿ. ಅಷ್ಟೇ ತೂಕದ ಕಾರು 100ಕ್ಕೆ 5 ಮೀಟರ್ ಏರಿನಲ್ಲಿ ಲಾರಿ ದಾಟಲು ವೇಗವನ್ನು 60ರಿಂದ 90ಕ್ಕೆ ಏರಿಸಬೇಕು ಎಂದಿಟ್ಟುಕೊಳ್ಳಿ. 60 ಕಿಲೋವ್ಯಾಟ್ ಮೋಟಾರಿಗೆ ಅಂದಾಜು 8 ಸೆಕೆಂಡ್, 90 ಕಿಲೋವ್ಯಾಟ್‌ನದಕ್ಕೆ ನಾಲ್ಕೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಮೊದಲನೆಯದು ಸುಮಾರು 165 ಮೀಟರ್, ಎರಡನೆಯದು ಸುಮಾರು 95 ಮೀಟರ್ ಸಾಗಿರುತ್ತದೆ. ಎರಡು ಪಥದ ರಸ್ತೆಯಲ್ಲಿ ಈ ದೂರವೆಲ್ಲ ಎದುರಿನ ವಾಹನದ ಪಥದಲ್ಲೇ. ಚಿಕ್ಕ ಮೋಟಾರಿನ ಕಾರು ಇರುವವರು ಏರಿನಲ್ಲಿ ಓವರ್‌ಟೇಕ್ ಆಸೆ ಬಿಡುವುದೇ ಕ್ಷೇಮ.

ಬ್ರೋಷರ್‌ನಲ್ಲಿ ಕಾಣದ ಮಿತಿಗಳು

• ಬ್ರೋಷರ್‌ನಲ್ಲಿರುವುದು ಗರಿಷ್ಠ ಶಕ್ತಿ. ಅದು ಸ್ವಲ್ಪ ಹೊತ್ತಿಗೆ ಮಾತ್ರ. ಮೋಟಾರು ಸತತ 30 ನಿಮಿಷ ಕೊಡಬಲ್ಲ ಶಕ್ತಿ ಇದಕ್ಕಿಂತ ಕಡಿಮೆ. ಎಐಎಸ್-041 ನಿಯಮದಡಿ ಅದನ್ನೂ ಅಳೆಯಲಾಗುತ್ತದೆ.
• ಚಾರ್ಜ್ ತೀರಾ ಇಳಿದಾಗ, ಬ್ಯಾಟರಿ ಬಿಸಿಯಾದಾಗ ಕಾರು ತಾನಾಗಿಯೇ ಶಕ್ತಿ ತಗ್ಗಿಸುತ್ತದೆ. ಇದು ರಿಪೇರಿ ಅಲ್ಲ, ರಕ್ಷಣೆ.
• 800 ಮೀಟರ್ ಎತ್ತರ ಏರಲು ಮಾಮೂಲಿ ಖರ್ಚಿನ ಮೇಲೆ ಹತ್ತಿರ ಹತ್ತಿರ 4 ಯೂನಿಟ್ ಹೋಗುತ್ತದೆ. 19.2 ಯೂನಿಟ್ ಬ್ಯಾಟರಿಯಲ್ಲಿ ಇದು ಐದರಲ್ಲಿ ಒಂದು ಪಾಲು, 35ರಲ್ಲಿ ಒಂಬತ್ತರಲ್ಲಿ ಒಂದು ಪಾಲು.
• ಇಳಿಯುವಾಗ ಸ್ವಲ್ಪ ಕರೆಂಟ್ ವಾಪಸ್ ಬರುತ್ತದೆ. ಆದರೆ ಘಾಟ್ ಮೇಲೆಯೇ 100% ಚಾರ್ಜ್ ಮಾಡಿಕೊಂಡು ಹೊರಟರೆ ಅದನ್ನು ತುಂಬಲು ಬ್ಯಾಟರಿಯಲ್ಲಿ ಜಾಗ ಇರಲ್ಲ, ಮೋಟಾರಿನ ಹಿಡಿತವೂ ಕಡಿಮೆಯಾಗಿ ಬ್ರೇಕ್ ಮೇಲೆ ಭಾರ ಬೀಳುತ್ತದೆ. 80%ಗೆ ನಿಲ್ಲಿಸಿ ಇಳಿಯುವುದು ಒಳ್ಳೆಯದು.
• 80ರ ಬದಲು 100ರಲ್ಲಿ ಓಡಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ದೊಡ್ಡ ಮೋಟಾರು ಇದೆ ಅಂತ ಜೋರು ಹೋದರೆ ದೊಡ್ಡ ಬ್ಯಾಟರಿಯ ಲಾಭ ರಸ್ತೆಯಲ್ಲೇ ಕರಗುತ್ತದೆ.

ಯಾರಿಗೆ ಯಾವುದು?

ಮನೆಯಿಂದ ಅಂಗಡಿ, ಅಂಗಡಿಯಿಂದ ಸಂತೆ, ಅಕ್ಕಪಕ್ಕದ ಊರು ಅಂತ ದಿನಕ್ಕೆ 50–60 ಕಿ.ಮೀ. ಓಡಿಸಿ ರಾತ್ರಿ ಮನೆಯಲ್ಲೇ ಚಾರ್ಜ್ ಹಾಕುವವರಿಗೆ ಚಿಕ್ಕ ಮೋಟಾರು, ಚಿಕ್ಕ ಬ್ಯಾಟರಿ ಸಾಕು. ಪೇಟೆಯೊಳಗಿನ 40–50ರ ವೇಗದಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಕಾರು ತುಂಬ ಜನ, ಸರಕು ಹಾಕಿಕೊಂಡು ಹೆದ್ದಾರಿ, ಘಾಟ್ ದಾಟುವವರಿಗೆ ದೊಡ್ಡದು ಬೇಕು.

ಬುಕಿಂಗ್ ದುಡ್ಡು ಕಟ್ಟುವ ಮುನ್ನ ಮೂರು ಸಂಖ್ಯೆ ಬರೆಸಿಕೊಳ್ಳಬೇಕು: ಬ್ಯಾಟರಿ ಎಷ್ಟು ಯೂನಿಟ್, ಮೋಟಾರು ಎಷ್ಟು ಕಿಲೋವ್ಯಾಟ್, ಟಾರ್ಕ್ ಎಷ್ಟು. ಟೆಸ್ಟ್ ಡ್ರೈವ್‌ಗೆ ಕೊಟ್ಟ ಕಾರು ಯಾವ ಬ್ಯಾಟರಿಯದ್ದು ಎಂದೂ ಕೇಳಬೇಕು. ಓಡಿಸಿ ನೋಡಿದ್ದು ದೊಡ್ಡದು, ಮನೆಗೆ ಬಂದದ್ದು ಚಿಕ್ಕದು ಆಗಬಾರದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಾರಿನ ಹಿಂದಿರುವ ಹೆಸರು ನಂಬದೆ ಮೂಲ ಇನ್‌ವಾಯ್ಸ್‌ನಲ್ಲಿ ಬ್ಯಾಟರಿ ಯಾವುದೆಂದು ನೋಡುವುದು ಸೂಕ್ತ.