ಮೊಬೈಲ್ ಗೇಮ್ ಕಂಪ್ಯೂಟರ್‌ನಲ್ಲಿ ಆಡ್ಬೇಕಾ? ಎಮ್ಯುಲೇಟರ್ ಹಾಕೋ ಮೊದಲು ಇಷ್ಟು ತಿಳ್ಕೊಳ್ಳಿ

ರಜೆ ಬಂದ್ರೆ ಸಾಕು, ಮನೆ ಹುಡುಗರ ಕಣ್ಣು ಅಂಗಡಿ ಕಂಪ್ಯೂಟರ್ ಮೇಲೆ ಬೀಳುತ್ತೆ. ಮೊಬೈಲ್‌ನಲ್ಲಿ ಆಡೋ ಗೇಮನ್ನೇ ದೊಡ್ಡ ಪರದೆಯಲ್ಲಿ, ಕೀಬೋರ್ಡ್ ಮೌಸ್ ಹಿಡಿದು ಆಡ್ಬೇಕು ಅನ್ನೋ ಆಸೆ. ಆಡಬಹುದು, ಸಾಫ್ಟ್‌ವೇರ್ ಉಚಿತವಾಗೇ ಸಿಗುತ್ತದೆ. ಆದರೆ ಅದನ್ನು ಯಾವ ಕಂಪ್ಯೂಟರ್‌ಗೆ ಹಾಕ್ತೀರಿ, ಎಲ್ಲಿಂದ ಡೌನ್‌ಲೋಡ್ ಮಾಡ್ತೀರಿ ಅನ್ನೋದನ್ನ ಮೊದಲೇ ಯೋಚನೆ ಮಾಡಬೇಕು.

ಎಮ್ಯುಲೇಟರ್ ಅಂದ್ರೆ ಏನು?

ವಿಂಡೋಸ್ ಒಳಗೇ ಒಂದು ಆಂಡ್ರಾಯ್ಡ್ ಫೋನ್ ಓಡಿಸುವ ಸಾಫ್ಟ್‌ವೇರ್, ಅಷ್ಟೇ. ಬ್ಲೂಸ್ಟಾಕ್ಸ್, ಎಲ್‌ಡಿಪ್ಲೇಯರ್, ನಾಕ್ಸ್‌ಪ್ಲೇಯರ್, ಮೀಮು ಇವು ಹೆಚ್ಚು ಕೇಳಿಬರುವ ಹೆಸರುಗಳು. ಗೂಗಲ್ ಕೂಡ ಕಂಪ್ಯೂಟರ್‌ಗಾಗಿ ಗೂಗಲ್ ಪ್ಲೇ ಗೇಮ್ಸ್ ಕೊಟ್ಟಿದೆ. ಅದರಲ್ಲಿ ಎಲ್ಲ ಗೇಮ್ ಸಿಗಲ್ಲ, ಆದರೂ ನಂಬಿಕೆ ವಿಷಯದಲ್ಲಿ ನನ್ನ ಮೊದಲ ಆಯ್ಕೆ ಅದೇ.

ನಿಮ್ಮ ಸಿಸ್ಟಮ್ ತಡೆಯುತ್ತಾ?

ಬ್ಲೂಸ್ಟಾಕ್ಸ್ 5ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 5 ಜಿಬಿ ಖಾಲಿ ಜಾಗ ಬೇಕು ಅಂತ ಕಂಪನಿ ಹೇಳುತ್ತದೆ. ಈ ಕನಿಷ್ಠವನ್ನ ನಂಬಿ ಕೂರಬೇಡಿ. 4 ಜಿಬಿಯಲ್ಲಿ ಸುಮಾರು ಅರ್ಧ ವಿಂಡೋಸಿಗೇ ಹೋಗುತ್ತೆ, ಉಳಿದದ್ದರಲ್ಲಿ ಒಂದು ಇಡೀ ಆಂಡ್ರಾಯ್ಡ್ ಜೊತೆಗೆ ಗೇಮ್ ಓಡಬೇಕು. ಲೂಡೋ, ಕ್ಯಾರಂ ನಡೆಯಬಹುದು, ಶೂಟಿಂಗ್ ಗೇಮ್ ತೆವಳುತ್ತೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ರೆ ಚಿಂತೆ ಇಲ್ಲ. ಗೂಗಲ್ ಪ್ಲೇ ಗೇಮ್ಸ್ ಕೇಳೋದೇ 8 ಜಿಬಿ ರ‍್ಯಾಮ್, ನಾಲ್ಕು ಕೋರ್ ಪ್ರೊಸೆಸರ್, ಎಸ್‌ಎಸ್‌ಡಿಯಲ್ಲಿ 10 ಜಿಬಿ ಜಾಗ.

ರ‍್ಯಾಮ್ ಇದ್ದೂ ಗೇಮ್ ನಿಧಾನ ಅಂದ್ರೆ ಬಹಳ ಸಲ ಕಾರಣ ವರ್ಚುವಲೈಸೇಶನ್ ಆಫ್ ಆಗಿರೋದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಮೇಲೆ ಒತ್ತಿದರೆ ಕೆಳಗೆ ವರ್ಚುವಲೈಸೇಶನ್ ಅಂತ ಬರೆದಿರುತ್ತೆ. ಅದರ ಮುಂದೆ ಡಿಸೇಬಲ್ಡ್ ಅಂತಿದ್ರೆ ಸಿಸ್ಟಮ್ ರೀಸ್ಟಾರ್ಟ್ ಮಾಡಿ ಬಯೋಸ್‌ಗೆ ಹೋಗಬೇಕು. ಅಸೆಂಬಲ್ ಮಾಡಿದ ಸಿಸ್ಟಮ್ ಆದ್ರೆ ಸಾಮಾನ್ಯವಾಗಿ ಡಿಲೀಟ್ ಕೀ, ಡೆಲ್ ಆದ್ರೆ ಎಫ್2, ಎಚ್‌ಪಿ ಆದ್ರೆ ಎಫ್10. ಇಂಟೆಲ್ ಬೋರ್ಡ್‌ನಲ್ಲಿ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿಯಲ್ಲಿ ಎಸ್‌ವಿಎಂ ಮೋಡ್ ಅಂತ ಇರುತ್ತೆ. ಅದೊಂದನ್ನು ಆನ್ ಮಾಡಿ ಸೇವ್ ಮಾಡಿ ಹೊರಬನ್ನಿ, ಬಯೋಸ್‌ನಲ್ಲಿ ಬೇರೆ ಏನನ್ನೂ ಮುಟ್ಟಬೇಡಿ.

ಬಿಲ್ಲಿಂಗ್ ಸಿಸ್ಟಮ್‌ಗೆ ಬೇಡವೇ ಬೇಡ

ಅಂಗಡಿಯವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಟ್ಯಾಲಿ ಡೇಟಾ, ಬ್ರೌಸರ್‌ನಲ್ಲಿ ಸೇವ್ ಆಗಿರೋ ಜಿಎಸ್‌ಟಿ ಪಾಸ್‌ವರ್ಡ್, ಗಿರಾಕಿಗಳ ಆಧಾರ್ ಸ್ಕ್ಯಾನ್ ಕಾಪಿ ಎಲ್ಲ ಒಂದೇ ಕಂಪ್ಯೂಟರ್‌ನಲ್ಲಿ ಇರುತ್ತೆ. ಎಮ್ಯುಲೇಟರ್ ಹೆಸರು ಹುಡುಕಿದಾಗ ಮೇಲೆ ಬರೋ ಲಿಂಕ್ ಎಷ್ಟೋ ಸಲ ಜಾಹೀರಾತು, ಕಂಪನಿಯ ಸ್ವಂತ ಸೈಟ್ ಆಗಿರಲ್ಲ. ಕ್ರ್ಯಾಕ್ ವರ್ಷನ್, ಮಾಡ್ ಫೈಲ್, ಎಮ್ಯುಲೇಟರ್ ಬೈಪಾಸ್ ಅಂತ ಯೂಟ್ಯೂಬ್ ವಿಡಿಯೋ ಕೆಳಗೆ ಸಿಗೋ ಫೈಲ್‌ಗಳದ್ದು ಇನ್ನೊಂದು ಕಥೆ. ಅವು ಮೊದಲು ಹೇಳೋದೇ ‘ಆಂಟಿವೈರಸ್ ಆಫ್ ಮಾಡಿ’ ಅಂತ. ಆಫ್ ಮಾಡಿದಿರೋ, ಅಂಗಡಿ ಬೀಗದ ಕೈ ಕೊಟ್ಟಂಗೆ.

ಹೆಸರು ಮಾಡಿದ ಕಂಪನಿಯದ್ದಾದ್ರೂ ಪೂರ್ತಿ ಕಣ್ಣು ಮುಚ್ಚೋ ಹಾಗಿಲ್ಲ. 2021ರಲ್ಲಿ ನಾಕ್ಸ್‌ಪ್ಲೇಯರ್‌ನ ಅಪ್‌ಡೇಟ್ ವ್ಯವಸ್ಥೆಗೇ ಹ್ಯಾಕರ್‌ಗಳು ನುಗ್ಗಿದ್ದನ್ನು ಇಸೆಟ್ ಅನ್ನೋ ಭದ್ರತಾ ಕಂಪನಿ ಬಯಲು ಮಾಡಿತ್ತು. ತೈವಾನ್, ಹಾಂಗ್‌ಕಾಂಗ್, ಶ್ರೀಲಂಕಾದ ಬೆರಳೆಣಿಕೆಯ ಬಳಕೆದಾರರಿಗೆ ಅಪ್‌ಡೇಟ್ ಹೆಸರಲ್ಲೇ ಗೂಢಚಾರಿಕೆ ಸಾಫ್ಟ್‌ವೇರ್ ಹೋಗಿತ್ತು.

ಹುಡುಗನಿಗೆ ಬೇರೆ ಯೂಸರ್ ಅಕೌಂಟ್ ಮಾಡಿಕೊಟ್ರೆ ಸಾಲದಾ ಅಂತ ಕೇಳಬಹುದು. ಇನ್‌ಸ್ಟಾಲ್ ಮಾಡುವಾಗ ಅಡ್ಮಿನ್ ಅನುಮತಿ ಕೇಳುತ್ತೆ. ಆ ಅನುಮತಿ ಪಡೆದು ಒಳಗೆ ಬಂದ ವೈರಸ್‌ಗೆ ಎರಡು ಅಕೌಂಟ್ ನಡುವಿನ ಗೋಡೆ ಲೆಕ್ಕಕ್ಕೇ ಇಲ್ಲ.

ಐಡಿ ಬ್ಯಾನ್ ಮತ್ತು ದುಡ್ಡು

ಎಲ್ಲ ಗೇಮ್ ಕಂಪನಿಯೂ ಎಮ್ಯುಲೇಟರ್ ಒಪ್ಪಲ್ಲ. ಬಿಜಿಎಂಐ ಮೊಬೈಲ್‌ಗೆ ಮಾತ್ರ ಅಂತ ಮಾಡಿದ ಗೇಮ್. ಬೈಪಾಸ್ ಹಾಕಿ ಕಂಪ್ಯೂಟರ್‌ನಲ್ಲಿ ಆಡಿ ಸಿಕ್ಕಿಬಿದ್ರೆ ವರ್ಷಗಟ್ಟಲೆ ಆಡಿದ ಐಡಿ ಬ್ಯಾನ್ ಆಗಬಹುದು. ಫ್ರೀ ಫೈರ್‌ನಲ್ಲಿ ಎಮ್ಯುಲೇಟರ್‌ನವರನ್ನ ಎಮ್ಯುಲೇಟರ್‌ನವರ ಜೊತೆಗೇ ಜೋಡಿಸೋ ಪದ್ಧತಿ ಇದೆ. ಕೀಬೋರ್ಡ್ ಮೌಸ್ ಹಿಡಿದವನಿಗೆ ಗುರಿ ಸುಲಭ, ಹಾಗಾಗಿ ಅದು ನ್ಯಾಯವೇ.

ಪ್ಲೇ ಸ್ಟೋರ್‌ಗೆ ಅಪ್ಪನ ಜಿಮೇಲ್ ಹಾಕಬೇಡಿ. ಆ ಖಾತೆಗೆ ಕಾರ್ಡ್ ಸೇರಿಸಿದ್ರೆ ಡೈಮಂಡ್, ಸ್ಕಿನ್ ಕೊಳ್ಳೋ ದಾರಿ ತೆರೆದಂಗೆ. ಹೊಸ ಜಿಮೇಲ್ ಮಾಡಿ, ಖರೀದಿಗೆ ಪಾಸ್‌ವರ್ಡ್ ಕೇಳೋ ಸೆಟ್ಟಿಂಗ್ ಆನ್ ಇಡಿ. ಫೋನ್‌ಪೇ, ಬ್ಯಾಂಕ್ ಆ್ಯಪ್‌ಗಳನ್ನ ಎಮ್ಯುಲೇಟರ್ ಒಳಗೆ ಹಾಕೋ ಪ್ರಯತ್ನವೂ ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಹಾಗಾಗಿ ರಮ್ಮಿ ಎಪಿಕೆ ಯಾರಾದ್ರೂ ವಾಟ್ಸಾಪ್‌ನಲ್ಲಿ ಕಳಿಸಿದ್ರೆ ತೆರೆಯದೆ ಅಳಿಸಿಬಿಡಿ.

ಈಗಾಗಲೇ ಅಂಗಡಿ ಸಿಸ್ಟಮ್‌ಗೆ ಹಾಕಿಬಿಟ್ಟಿದ್ರೆ ಮೊದಲು ಟ್ಯಾಲಿ ಡೇಟಾವನ್ನ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದು ಆ ಪೆನ್‌ಡ್ರೈವ್ ಬಿಚ್ಚಿಡಿ. ಆಮೇಲೆ ಕಂಟ್ರೋಲ್ ಪ್ಯಾನಲ್‌ನಿಂದ ಎಮ್ಯುಲೇಟರ್ ತೆಗೆಯಿರಿ. ವಿಂಡೋಸ್ ಡಿಫೆಂಡರ್‌ನಲ್ಲಿ ಫುಲ್ ಸ್ಕ್ಯಾನ್ ಮಾಡಿ, ಜಿಎಸ್‌ಟಿ ಮತ್ತು ಜಿಮೇಲ್ ಪಾಸ್‌ವರ್ಡ್‌ಗಳನ್ನ ಬೇರೆ ಫೋನಿನಿಂದ ಬದಲಿಸಿ. ಸ್ಕ್ಯಾನ್‌ಗೆ ಒಂದೆರಡು ಗಂಟೆ ಹಿಡಿಯಬಹುದು, ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಶುರು ಮಾಡಿದ್ರೆ ವ್ಯಾಪಾರಕ್ಕೆ ತೊಂದರೆ ಆಗಲ್ಲ.