ಚೆಂಡಿನ ಬೆನ್ನಿಗೆ ಬಿದ್ದ ಜೂಜು

ವಿಶ್ವಕಪ್ ಬಂತೆಂದರೆ ನಮ್ಮ ಕಾಸರಗೋಡಿನ ಪೇಟೆ, ಹಳ್ಳಿಗಳಲ್ಲೆಲ್ಲ ಬ್ರೆಝಿಲ್, ಅರ್ಜೆಂಟೀನಾಗಳ ಬಾವುಟಗಳು ಏರುತ್ತವೆ. ಮನೆಮಾತು ಕನ್ನಡವಿರಲಿ, ತುಳುವಿರಲಿ, ಮಲೆಯಾಳವಿರಲಿ, ಆ ಒಂದು ತಿಂಗಳು ಎಲ್ಲರ ಬಾಯಲ್ಲೂ ಫುಟ್ಬಾಲೇ. ಆದರೆ ಜೂಜು ಎಂದರೆ ನಮ್ಮ ಹಿರಿಯರಿಗೆ ನೆನಪಾಗುವುದು ಕೋಳಿಅಂಕ, ಇಸ್ಪೀಟು, ಇಲ್ಲವೇ ಧರ್ಮರಾಯನ ಪಗಡೆ. ಫುಟ್ಬಾಲಿಗೂ ಜೂಜಿಗೂ ನೂರು ವರ್ಷ ಮೀರಿದ ನಂಟಿದೆ ಎಂಬುದು ಇಲ್ಲಿ ಅಷ್ಟಾಗಿ ತಿಳಿದಿಲ್ಲ. ಈ ನಂಟಿನ ಚರಿತ್ರೆ ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತದೆ. ಜೂಜಿನ ದುಡ್ಡು ಯಾರ ಕೈ ಸೇರಿತು, ಶಿಕ್ಷೆ ಯಾರ ಪಾಲಿಗೆ ಬಂತು ಎಂಬ ಎರಡು ಪ್ರಶ್ನೆಗಳನ್ನಿಟ್ಟುಕೊಂಡು ಅದನ್ನು ನೋಡೋಣ.

1915ರ ಏಪ್ರಿಲ್ 2, ಗುಡ್ ಫ್ರೈಡೇ. ಮಹಾಯುದ್ಧ ಆರಂಭವಾಗಿ ಎಂಟು ತಿಂಗಳಾಗಿತ್ತು. ಆ ಸಾಲಿನ ಪಂದ್ಯಗಳು ಮುಗಿದರೆ ಲೀಗ್ ನಿಲ್ಲುವುದು ಖಚಿತವೆಂಬಂತಿತ್ತು. ಅದರೊಂದಿಗೆ ಆಟಗಾರರ ಸಂಬಳವೂ ನಿಲ್ಲುವುದಿತ್ತು. ಆ ಸಂಬಳವಾದರೂ ವಾರಕ್ಕೆ ನಾಲ್ಕೈದು ಪೌಂಡು ಮೀರದಂತೆ ಮಿತಿ ಹಾಕಲಾಗಿತ್ತು. ಅಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಲಿವರ್‌ಪೂಲನ್ನು 2–0ರಿಂದ ಸೋಲಿಸಿತು. ಯುನೈಟೆಡಿಗೆ ದೊರೆತ ಪೆನಾಲ್ಟಿಯೊಂದು ಗೋಲುಕಂಬದಿಂದ ದೂರ ಹೋಯಿತು. ನೋಡುವವರಿಗೆ ಸಂಶಯ ಬಂತು. ಸರಿಯಾಗಿ 2–0 ಎಂಬ ಫಲಿತಾಂಶಕ್ಕೇ ಒಂದಕ್ಕೆ ಏಳರ ದರದಲ್ಲಿ ವಿಪರೀತ ಹಣ ಕಟ್ಟಲಾಗಿತ್ತೆಂದು ಬುಕ್ಕಿಗಳೇ ದೂರಿದರು.

ವಿಚಾರಣೆಯ ಬಳಿಕ ಎರಡೂ ತಂಡಗಳ ಏಳು ಮಂದಿಗೆ ಆಜೀವ ನಿಷೇಧ ಬಂತು. ಪಂದ್ಯದ ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ಯುನೈಟೆಡ್ ಒಂದೇ ಅಂಕದ ಅಂತರದಲ್ಲಿ ಹಿಂಬಡ್ತಿಯ ಸ್ಥಾನದಿಂದ ಪಾರಾಯಿತು. ಶಿಕ್ಷೆಗೊಳಗಾದವರಲ್ಲಿ ಸ್ಯಾಂಡಿ ಟರ್ನ್‌ಬುಲ್ 1917ರಲ್ಲಿ ಫ್ರಾನ್ಸಿನ ಅರಾಸ್ ರಣರಂಗದಲ್ಲಿ ಮಡಿದ. ಯುದ್ಧಸೇವೆಯನ್ನು ಪರಿಗಣಿಸಿ 1919ರಲ್ಲಿ ನಿಷೇಧವನ್ನು ತೆಗೆದಾಗ ಅವನಿಗೂ ಮರಣಾನಂತರ ಕ್ಷಮೆ ದೊರೆಯಿತು. ತಾನು ನಿರಪರಾಧಿಯೆಂದು ಸಾರುತ್ತ ನ್ಯಾಯಾಲಯದ ಮೆಟ್ಟಿಲೇರಿ ಸೋತ ಇನೋಕ್ ವೆಸ್ಟನ ನಿಷೇಧ ಮಾತ್ರ 1945ರವರೆಗೂ ಮುಂದುವರಿಯಿತು. ಆಗ ಅವನಿಗೆ ಐವತ್ತೊಂಬತ್ತು ವರ್ಷ.

ಇದಾಗಿ ಕೆಲವೇ ವರ್ಷಗಳಲ್ಲಿ ಜೂಜು ಮನೆಮನೆಗೆ ಬಂತು. 1923ರಲ್ಲಿ ಜಾನ್ ಮೂರ್ಸ್ ಮತ್ತು ಅವನ ಇಬ್ಬರು ಗೆಳೆಯರು ಲಿವರ್‌ಪೂಲ್ ನಗರದಲ್ಲಿ ‘ಲಿಟಲ್‌ವುಡ್ಸ್ ಪೂಲ್ಸ್’ ಆರಂಭಿಸಿದರು. ವಾರದ ಪಂದ್ಯಗಳ ಪಟ್ಟಿಯಿರುವ ಚೀಟಿಯಲ್ಲಿ ಫಲಿತಾಂಶವನ್ನು ಊಹಿಸಿ ಗುರುತು ಹಾಕಿ ಅಂಚೆಗೆ ಹಾಕುವುದು, ಕೂಡಿದ ಹಣದ ಒಂದು ಪಾಲನ್ನು ಗೆದ್ದವರಿಗೆ ಹಂಚುವುದು – ಇದು ಪೂಲ್ಸಿನ ಕ್ರಮ. ಗಿರಣಿಯ, ಬಂದರಿನ ಕೆಲಸಗಾರರ ಮನೆಗಳಲ್ಲಿ ವಾರ ವಾರವೂ ಚೀಟಿ ತುಂಬುವುದು ಒಂದು ರೂಢಿಯೇ ಆಯಿತು.

ಮೊದಮೊದಲು ಫುಟ್ಬಾಲ್ ಲೀಗಿನ ಆಡಳಿತಗಾರರಿಗೆ ಇದು ಹೇಸಿಗೆಯ ದುಡ್ಡಾಗಿತ್ತು. 1936ರಲ್ಲಿ ಅವರು ಪಂದ್ಯಗಳ ಪಟ್ಟಿಯನ್ನೇ ಗುಟ್ಟಾಗಿಟ್ಟು ಪೂಲ್ಸನ್ನು ಮುಗಿಸಲು ಹೊರಟರು. ಯಾವ ಪಂದ್ಯ ಎಲ್ಲಿ ಎಂದು ತಿಳಿಯದೆ ಮೈದಾನಗಳೇ ಬರಿದಾದುವು. ಕೆಲವೇ ವಾರಗಳಲ್ಲಿ ಆ ಹಟವನ್ನು ಕೈಬಿಡಬೇಕಾಯಿತು. 1959ರಲ್ಲಿ ಗಾಳಿ ತಿರುಗಿತು. ಪಂದ್ಯಗಳ ಪಟ್ಟಿಯ ಮೇಲೆ ಲೀಗಿಗೆ ಕೃತಿಸ್ವಾಮ್ಯವಿದೆ ಎಂದು ನ್ಯಾಯಾಲಯ ತೀರ್ಪಿತ್ತಿತು. ಆ ಬಳಿಕ ಪೂಲ್ಸ್ ಕಂಪೆನಿಗಳು ವರ್ಷಕ್ಕೆ ಕನಿಷ್ಠ 2,45,000 ಪೌಂಡನ್ನು ಲೀಗಿಗೆ ಸಲ್ಲಿಸಲು ಒಪ್ಪಿದವು. ಮರುವರ್ಷ ಅದೇ ಜಾನ್ ಮೂರ್ಸ್ ಎವರ್ಟನ್ ಕ್ಲಬ್ಬಿನ ಅಧ್ಯಕ್ಷನಾದ. ಹೇಸಿಗೆಯ ದುಡ್ಡು ಹೀಗೆ ನ್ಯಾಯವಾದ ವರಮಾನವಾಯಿತು.

ಆಟಗಾರರ ಮಟ್ಟಿಗೆ ನಿಯಮ ಮಾತ್ರ ಸಡಿಲವಾಗಲಿಲ್ಲ. 1962ರ ಡಿಸೆಂಬರ್ 1ರಂದು ಇಪ್ಸ್‌ವಿಚ್ ತಂಡದೆದುರು ಶೆಫೀಲ್ಡ್ ವೆನ್ಸ್‌ಡೇ 2–0ರಿಂದ ಸೋತಿತು. ವೆನ್ಸ್‌ಡೇಯ ಪೀಟರ್ ಸ್ವಾನ್, ಟೋನಿ ಕೇ, ಡೇವಿಡ್ ಲೇನ್ ಮೂವರೂ ತಮ್ಮ ತಂಡ ಸೋಲುತ್ತದೆಂದು ತಲಾ 50 ಪೌಂಡು ಕಟ್ಟಿದ್ದರು. ಹಿಂದೆ ಆಟಗಾರನಾಗಿದ್ದ ಜಿಮ್ಮಿ ಗೋಲ್ಡ್ ಈ ಜಾಲದ ಸೂತ್ರಧಾರಿ. 1964ರಲ್ಲಿ ಅವನೇ ದುಡ್ಡಿಗಾಗಿ ಇಡೀ ಕತೆಯನ್ನು ಪತ್ರಿಕೆಯೊಂದಕ್ಕೆ ಮಾರಿದ. 1965ರ ಜನವರಿಯಲ್ಲಿ ಅವನಿಗೆ ನಾಲ್ಕು ವರ್ಷ, ಆ ಮೂವರಿಗೆ ನಾಲ್ಕು ನಾಲ್ಕು ತಿಂಗಳು ಸೆರೆವಾಸವಾಯಿತು. ಜತೆಗೆ ಆಜೀವ ನಿಷೇಧ. ಸ್ವಾನ್ ಇಂಗ್ಲೆಂಡಿನ ಪರವಾಗಿ 19 ಪಂದ್ಯಗಳನ್ನಾಡಿದ್ದವನು. 1972ರಲ್ಲಿ ನಿಷೇಧ ತೆರವಾಗುವಾಗ ಇವರ ಒಳ್ಳೆಯ ವರ್ಷಗಳೆಲ್ಲ ಕಳೆದುಹೋಗಿದ್ದವು. ಇವರದು ತಪ್ಪಲ್ಲವೆಂದು ಯಾರೂ ಹೇಳಲಾರರು. ಆಟವನ್ನು ಮಾರಿದ್ದು ದ್ರೋಹವೇ. ಆದರೆ ಶಿಕ್ಷೆ ಕೊಟ್ಟ ವ್ಯವಸ್ಥೆಯೂ ಆ ಹೊತ್ತಿಗೆ ಜೂಜಿನ ಪಾಲು ಪಡೆಯುತ್ತಿತ್ತು ಎಂಬುದನ್ನು ಮರೆಯಬಾರದು.

ಪಂದ್ಯ ಮಾರುವುದು ಒಂದು, ಜೂಜನ್ನು ಬಿಡಲಾಗದೆ ನರಳುವುದು ಇನ್ನೊಂದು. ಇವೆರಡನ್ನೂ ಬೇರೆಯಾಗಿ ಕಾಣಲು ಬಹಳ ಕಾಲ ಬೇಕಾಯಿತು. 1994ರ ನವೆಂಬರಿನಲ್ಲಿ ಆರ್ಸೆನಲ್ ತಂಡದ ಪಾಲ್ ಮರ್ಸನ್ ಕುಡಿತ, ಕೊಕೇನುಗಳ ಜೊತೆಗೆ ತನಗೆ ಜೂಜಿನ ಚಟವೂ ಇದೆಯೆಂದು ಬಹಿರಂಗವಾಗಿ ಒಪ್ಪಿಕೊಂಡು ಚಿಕಿತ್ಸೆಗೆ ಹೋದ. ಅದೇ ತಂಡದ ನಾಯಕನಾಗಿದ್ದ, ಸ್ವತಃ ಕುಡಿತದಿಂದ ಹೊರಬಂದ ಟೋನಿ ಆಡಮ್ಸ್ 2000ದಲ್ಲಿ ಇಂಥ ಕ್ರೀಡಾಳುಗಳಿಗಾಗಿಯೇ ಚಿಕಿತ್ಸಾಲಯವೊಂದನ್ನು ಸ್ಥಾಪಿಸಿದ. ಬೆಳಗ್ಗೆ ಅಭ್ಯಾಸ ಮುಗಿದರೆ ದಿನವಿಡೀ ಬಿಡುವು, ಎಳೆಯ ಪ್ರಾಯ, ಕೈತುಂಬ ಹಣ, ಗೆಲ್ಲಲೇಬೇಕೆಂಬ ಛಲ – ಚಟ ಬೇರೂರಲು ಇದಕ್ಕಿಂತ ಹದವಾದ ನೆಲ ಬೇಡ. ಕುಡಿದವನ ಬಾಯಿ ನಾರುತ್ತದೆ. ಜೂಜಾಡಿದವನಲ್ಲಿ ಅಂಥ ಗುರುತೂ ಇರುವುದಿಲ್ಲ.

ಬ್ರಿಟನ್ನಿನ 2005ರ ಜೂಜು ಕಾಯಿದೆ 2007ರಲ್ಲಿ ಜಾರಿಗೆ ಬಂದ ಮೇಲೆ ಬೆಟ್ಟಿಂಗ್ ಕಂಪೆನಿಗಳಿಗೆ ಟಿವಿ ಜಾಹೀರಾತಿನ ಬಾಗಿಲು ತೆರೆಯಿತು. ಕ್ಲಬ್ಬುಗಳ ಅಂಗಿಯ ಎದೆಯ ಮೇಲೂ ಅವುಗಳ ಹೆಸರು ಹೆಚ್ಚುತ್ತ ಹೋಯಿತು. ಮೊಬೈಲು ಬಂದ ಬಳಿಕ ಜೂಜುಕಟ್ಟೆ ಕಿಸೆಯೊಳಗೇ ಬಂದು ಕುಳಿತಿತು. 2014ರಿಂದ ಇಂಗ್ಲೆಂಡಿನ ವೃತ್ತಿ ಆಟಗಾರರು ಜಗತ್ತಿನ ಯಾವ ಫುಟ್ಬಾಲ್ ಪಂದ್ಯದ ಮೇಲೂ ಹಣ ಕಟ್ಟುವಂತಿಲ್ಲ. 2023ರ ಮೇ ತಿಂಗಳಲ್ಲಿ ಬ್ರೆಂಟ್‌ಫರ್ಡ್ ತಂಡದ ಐವನ್ ಟೋನಿ 232 ಬಾರಿ ನಿಯಮ ಮೀರಿದ್ದಕ್ಕಾಗಿ ಎಂಟು ತಿಂಗಳ ನಿಷೇಧಕ್ಕೆ ಗುರಿಯಾದ. ಅವನು ಪಂದ್ಯ ಮಾರಿದ ಪುರಾವೆಯೇನೂ ಇರಲಿಲ್ಲ. ಅವನು ತೊಟ್ಟು ಆಡುತ್ತಿದ್ದ ತಂಡದ ಅಂಗಿಯ ಮೇಲೆ ಬೆಟ್ಟಿಂಗ್ ಕಂಪೆನಿಯ ಹೆಸರಿತ್ತು! ಆದರೆ ಈ ಸಲ ಒಂದು ಹೊಸ ಸಂಗತಿ ನಡೆಯಿತು. ಅವನಿಗೆ ಚಟವಿದೆಯೆಂಬ ವೈದ್ಯರ ಮಾತನ್ನು ಮನ್ನಿಸಿ ಆಯೋಗವು ಶಿಕ್ಷೆಯಲ್ಲಿ ಮೂರು ತಿಂಗಳು ಇಳಿಸಿತು. ಅದೇ ವರ್ಷ ಪ್ರೀಮಿಯರ್ ಲೀಗ್ ಕ್ಲಬ್ಬುಗಳು, 2025–26ರ ಸಾಲು ಮುಗಿದ ಮೇಲೆ ಅಂಗಿಯ ಮುಂಭಾಗದಿಂದ ಇಂಥ ಹೆಸರುಗಳನ್ನು ತೆಗೆಯಲು ಒಪ್ಪಿದವು. ತೋಳಿಗೂ ಮೈದಾನದ ಸುತ್ತಣ ಫಲಕಗಳಿಗೂ ಆ ಒಪ್ಪಂದ ತಗಲಲಿಲ್ಲ.

ಇಟೆಲಿಯ ಸಾಂದ್ರೊ ತೊನಾಲಿಯ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದಿನದು. 2023ರ ಅಕ್ಟೋಬರಿನಲ್ಲಿ ಅವನಿಗೆ ವಿಧಿಸಿದ ಹದಿನೆಂಟು ತಿಂಗಳಲ್ಲಿ ಎಂಟು ತಿಂಗಳನ್ನು ಚಿಕಿತ್ಸೆಗೂ, ಕನಿಷ್ಠ ಹದಿನಾರು ಕಡೆ ಜನರೆದುರು ನಿಂತು ಈ ಚಟದ ಬಗ್ಗೆ ಮಾತಾಡುವುದಕ್ಕೂ ಬದಲಾಯಿಸಲಾಯಿತು. ಇನೋಕ್ ವೆಸ್ಟನ ಮೂವತ್ತು ವರ್ಷದ ನಿಷೇಧದಿಂದ ಇಲ್ಲಿಗೆ ಬರಲು ಒಂದು ಶತಮಾನವೇ ಹಿಡಿಯಿತು.

ಇದು ದೂರದೇಶದ ಕತೆಯೆಂದು ನಾವು ಸುಮ್ಮನಿರುವಂತಿಲ್ಲ. ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೂ 2023ರಿಂದ ಹಣದಾಟದ ಆ್ಯಪೊಂದರ ಹೆಸರಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿದ ಮೇಲೆ ಆ ಹೆಸರು ಮರೆಯಾಯಿತು. ಕಾಯಿದೆ ಬಂದ ಮಾತ್ರಕ್ಕೆ ಚಟ ಹೋಗುವುದಿಲ್ಲ. ತೊನಾಲಿಯ ದೇಶದಲ್ಲಿ ಜೂಜಿನ ಜಾಹೀರಾತನ್ನು ನಿಷೇಧಿಸಿದ್ದು 2018ರಲ್ಲೇ. ಮಗ ಸಾಲ ಮಾಡಿದ್ದಾನೆಂದು ತಿಳಿದಾಗ ಮರ್ಯಾದೆಗಂಜಿ ಮುಚ್ಚಿಡುವುದೋ ಮನೆಯಿಂದ ಹೊರಹಾಕುವುದೋ ನಮ್ಮಲ್ಲಿಯ ರೂಢಿ. ಅದಕ್ಕಿಂತ ಮೊದಲು ಅವನನ್ನು ಕೂರಿಸಿ ಮಾತಾಡಿಸುವುದು, ವೈದ್ಯರಲ್ಲಿಗೆ ಕರೆದೊಯ್ಯುವುದು ಮೇಲು. ನಮ್ಮೂರ ಸೆವೆನ್ಸ್ ಪಂದ್ಯಾಟಗಳಲ್ಲಿ ಬಹುಮಾನ ಹಂಚುವ ಹೊತ್ತಿಗೆ ಹತ್ತು ನಿಮಿಷ ಈ ವಿಷಯವನ್ನೂ ಎತ್ತಿದರೆ, ಕೇಳಬೇಕಾದ ಹುಡುಗರು ಅಲ್ಲಿ ಇದ್ದೇ ಇರುತ್ತಾರೆ.