ಲ್ವಾರ್ ನದೀತೀರದ ಬಿಳಿ ದ್ರಾಕ್ಷಾರಸ

ಬಲಿಪೂಜೆಯ ಪಾನಪಾತ್ರೆಗೆ ಸುರಿಯುವ ದ್ರಾಕ್ಷಾರಸವು ಎಲ್ಲಿಂದ ಬರುತ್ತದೆ, ಅದು ಕೆಂಪಗಿರದೆ ತಿಳಿಬಣ್ಣದ್ದಾಗಿರುವುದೇಕೆ ಎಂದು ಮಕ್ಕಳು ಕೇಳುವುದುಂಟು. ಅದು ದ್ರಾಕ್ಷಿಯ ಫಲದಿಂದಲೇ ಆದ, ಸಹಜವಾದ, ಕೆಡದಿರುವ ರಸವಾಗಿರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯು ವಿಧಿಸುತ್ತದೆ. ಬಣ್ಣದ ಮಾತನ್ನು ಎತ್ತುವುದಿಲ್ಲ. ಬಿಳಿಯ ರಸವು ಪೀಠವಸ್ತ್ರಗಳಿಗೆ ಕಲೆ ಹತ್ತಿಸದೆಂಬ ಕಾರಣದಿಂದ ಅನೇಕರು ಅದನ್ನೇ ಬಳಸುತ್ತಾರೆ.

ನಮ್ಮ ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಯಮತ್ತೂರು ಸೀಮೆಯಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಸೇವೆಗೈದವರು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. ದ್ರಾಕ್ಷಾರಸವು ಊಟದ ಅಂಗವಾಗಿದ್ದ ನಾಡಿನಿಂದ ಬಂದ ಅವರು ಇಲ್ಲಿಯ ರಾಗಿಯ ನಾಡಿನಲ್ಲಿ ನೆಲೆಸಿದರು. ಅವರ ತಾಯ್ನಾಡಿನ ಒಂದು ನದಿಯ ಕಥೆಯನ್ನು ಅರಿಯುವುದು ಈ ಶತಮಾನೋತ್ಸವದ ಸಂದರ್ಭದಲ್ಲಿ ಅನುಚಿತವಾಗಲಾರದು.

ಆ ನದಿಯ ಹೆಸರು ಲ್ವಾರ್. ಸುಮಾರು 1,000 ಕಿಲೋಮೀಟರು ಹರಿಯುವ ಇದು ಫ್ರಾನ್ಸಿನ ಅತಿ ಉದ್ದವಾದ ನದಿ. ನಮ್ಮ ಕಾವೇರಿಯ ಉದ್ದ ಸುಮಾರು 800 ಕಿಲೋಮೀಟರು. ದಕ್ಷಿಣದ ಬೆಟ್ಟಗಳಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಬಳಿಕ ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಅದರ ದಂಡೆಯಲ್ಲಿರುವ ತೂರ್ ಪಟ್ಟಣದ ಪೂರ್ವಕ್ಕೆ ವೂವ್ರೇ ಎಂಬ ಊರಿದೆ. ಅಲ್ಲಿಯ ನೆಲದಡಿಯಲ್ಲಿ ಮೃದುವಾದ ಸುಣ್ಣಕಲ್ಲು ದೊರೆಯುತ್ತದೆ. ಅರಮನೆಗಳಿಗಾಗಿ, ದೇವಾಲಯಗಳಿಗಾಗಿ ಈ ಕಲ್ಲನ್ನು ಕಡಿದು ತೆಗೆದಾಗ ಉಳಿದ ಗುಹೆಗಳೇ ದ್ರಾಕ್ಷಾರಸದ ಉಗ್ರಾಣಗಳಾದವು. ಬೇಸಿಗೆಯಲ್ಲಿಯೂ ಚಳಿಗಾಲದಲ್ಲಿಯೂ ಒಂದೇ ತಂಪನ್ನು ಕಾಯ್ದುಕೊಳ್ಳುವ ಆ ಗುಹೆಗಳಲ್ಲಿ ರಸವು ನಿಧಾನವಾಗಿ ಪಕ್ವವಾಗುತ್ತದೆ.

ಇಲ್ಲಿಯ ದ್ರಾಕ್ಷಿಯ ಜಾತಿ ಶೆನಿನ್ ಬ್ಲಾಂಕ್. ಹುಳಿಯ ಅಂಶ ಹೆಚ್ಚಾಗಿರುವುದರಿಂದ ಇದರ ರಸವು ದಶಕಗಟ್ಟಲೆ ಕೆಡದೆ ಉಳಿಯಬಲ್ಲುದು. ಬಿಸಿಲು ಕಡಿಮೆಯಾದ ವರ್ಷ ಒಗರಿನ ರಸ, ಶರತ್ಕಾಲವು ಅನುಕೂಲವಾದ ವರ್ಷ ಜೇನಿನಂತಹ ಸಿಹಿರಸ. ಹೀಗೆ ಋತುವು ಕೊಟ್ಟುದನ್ನು ರೈತನು ಸ್ವೀಕರಿಸುತ್ತಾನೆ. 1936ರಲ್ಲಿ ವೂವ್ರೇ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. ಬೇರೆಡೆಯ ರಸವನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ.

ತೂರ್ ಪಟ್ಟಣಕ್ಕೆ 371ರಲ್ಲಿ ಧರ್ಮಾಧ್ಯಕ್ಷರಾದವರು ಸಂತ ಮಾರ್ಟಿನರು. ಅವರ ಕತ್ತೆಯು ದ್ರಾಕ್ಷಿಬಳ್ಳಿಯನ್ನು ಮೇದುಬಿಟ್ಟಿತೆಂದೂ, ಮೇದ ಬಳ್ಳಿಯೇ ಮರುವರ್ಷ ಹೆಚ್ಚು ಫಲ ಕೊಟ್ಟಿತೆಂದೂ, ಸನ್ಯಾಸಿಗಳು ಬಳ್ಳಿ ಸವರುವುದನ್ನು ಹೀಗೆ ಕಲಿತರೆಂದೂ ಒಂದು ಜನಪದ ಕಥೆಯಿದೆ. ಕಥೆಯು ಇತಿಹಾಸವಲ್ಲ; ಆದರೆ ಕತ್ತರಿಸಿದ ಬಳ್ಳಿಯೇ ಫಲಿಸುವುದೆಂಬುದು ಎಲ್ಲ ತೋಟಗಾರರೂ ಬಲ್ಲ ಸತ್ಯ.

ಕೊಳ್ಳೇಗಾಲದ ವಾಚಕರಿಗೆ ಇನ್ನೊಂದು ಸಂಗತಿ ಆಸಕ್ತಿಕರವಾದೀತು. ತೂರ್ ಪಟ್ಟಣವು ರೇಷ್ಮೆಗೂ ಹೆಸರಾಗಿತ್ತು. ಹನ್ನೊಂದನೆಯ ಲೂಯಿ ದೊರೆಯು 1470ರಲ್ಲಿ ಅಲ್ಲಿ ರೇಷ್ಮೆ ನೇಯ್ಗೆಯನ್ನು ನೆಲೆಗೊಳಿಸಿದನು. ಮುಂದೆ ಲಿಯೋನ್ ಪಟ್ಟಣದ ಸ್ಪರ್ಧೆಯಿಂದ ಅದು ಕುಂದಿತು. 1685ರಲ್ಲಿ ಹದಿನಾಲ್ಕನೆಯ ಲೂಯಿಯು ಪ್ರಾಟೆಸ್ಟಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ರದ್ದುಪಡಿಸಿದಾಗ ಅನೇಕ ಕುಶಲ ನೇಕಾರರು ಇಂಗ್ಲೆಂಡಿಗೂ ಹಾಲೆಂಡಿಗೂ ಓಡಿಹೋದರು. ಆ ದೊರೆ ನಮ್ಮ ಮತದವನೇ. ಆ ಕ್ರಮವನ್ನು ಕೊಂಡಾಡಿದವರಲ್ಲಿ ನಮ್ಮ ಗುರುಗಳೂ ಇದ್ದರು. ಇದನ್ನು ಮರೆಮಾಚುವುದು ಸ್ಮರಣಸಂಚಿಕೆಗೆ ಶೋಭೆಯಲ್ಲ. ನೆರೆಯವನ ನಂಬಿಕೆಯನ್ನು ಹೊರದೂಡಿದ ಊರು ತನ್ನ ಮಗ್ಗವನ್ನೂ ಹೊರದೂಡಿತು. ನಾನಾ ಮತಗಳ ಜನರು ಒಂದೇ ಸಂತೆಯಲ್ಲಿ ಕೂಡುವ ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಬಾಳುವ ನಾವು ಇದನ್ನು ನೆನಪಿನಲ್ಲಿಡಬೇಕು.

ದ್ರಾಕ್ಷಿಗೂ ಆಪತ್ತು ತಪ್ಪಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸೂಕ್ಷ್ಮ ಕೀಟವು ಬೇರುಗಳನ್ನು ಹೀರಿ ಫ್ರಾನ್ಸಿನ ತೋಟಗಳನ್ನು ನಾಶಮಾಡಿತು. ಪರಿಹಾರವೂ ಅಮೆರಿಕದಿಂದಲೇ ಬಂದಿತು. ಆ ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿಮಾಡಿದರು. ಇಂದು ಅಲ್ಲಿಯ ಬಹುತೇಕ ಬಳ್ಳಿಗಳು ಪರದೇಶದ ಬೇರಿನ ಮೇಲೆ ನಿಂತಿವೆ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿಯೂ ಅಮೆರಿಕದ ದ್ರಾಕ್ಷಿಯ ವಂಶವಿದೆ.

ಶೆನಿನ್ ಬ್ಲಾಂಕ್ ಸಹ ಮನೆಬಿಟ್ಟು ಹೊರಟಿತು. ದಕ್ಷಿಣ ಆಫ್ರಿಕದಲ್ಲಿ ಇಂದು ಅದು ಫ್ರಾನ್ಸಿಗಿಂತಲೂ ಹೆಚ್ಚಾಗಿ ಬೆಳೆಯುತ್ತದೆ. ಗೋದಾವರಿಯ ನಾಸಿಕದಲ್ಲಿ 2000ರಲ್ಲಿ ಅದರ ರಸವು ಮಾರುಕಟ್ಟೆಗೆ ಬಂದಿತು. ನಮ್ಮ ರಾಜ್ಯದಲ್ಲಿ ನಂದಿಬೆಟ್ಟದ ತಪ್ಪಲಲ್ಲಿ 1988ರಿಂದ ಫ್ರೆಂಚ್ ದ್ರಾಕ್ಷಿಯ ತೋಟಗಳು ಬೆಳೆದವು. 2007ರಲ್ಲಿ ಸರ್ಕಾರವು ದ್ರಾಕ್ಷಾರಸ ನೀತಿಯನ್ನು ರೂಪಿಸಿತು.

ಈ ಬರಹವನ್ನು ಓದಿ ಯಾರೂ ಪಾನವನ್ನು ಸಮರ್ಥಿಸಿಕೊಳ್ಳದಿರಲಿ. ಕುಡಿತದಿಂದ ಒಡೆದ ಮನೆಗಳನ್ನು ಕಂಡು ನೊಂದವನು ನಾನು. ಕೂಲಿಯ ಹಣ ಸಂಜೆಗೇ ಕರಗಿದ ಮನೆಯ ಮಕ್ಕಳ ಮುಖವನ್ನು ಮರೆಯಲಾರೆ. ಪೀಠದ ಮೇಲೆ ಬೇಕಾದುದು ಒಂದೆರಡು ಚಮಚೆಯಷ್ಟು ಮಾತ್ರ. ಆದರೆ ಅಷ್ಟು ರಸದ ಹಿಂದೆ ಒಂದು ನದಿಯ ನೆಲ, ರೈತರ ಹಲವು ತಲೆಮಾರುಗಳ ತಾಳ್ಮೆ, ಅನ್ಯನಾಡಿನ ಬೇರಿನ ಆಸರೆ ಇವೆ. ಸುವರ್ಣಾವತಿಯ, ಕಾವೇರಿಯ ನೀರುಂಡು ಬೆಳೆದ ನಮ್ಮ ಜನರ ಬಾಳೂ ಹೀಗೆಯೇ ಅನೇಕರ ಋಣದಲ್ಲಿ ನಿಂತಿದೆ. ನೂರು ವರ್ಷಗಳ ಈ ದೇವಾಲಯವನ್ನು ಕಟ್ಟಿದ ಕೈಗಳನ್ನು ಸ್ಮರಿಸುವಾಗ ಆ ಋಣವನ್ನೂ ಸ್ಮರಿಸೋಣ.